ಬರೆಯುವ ಹೊತ್ತು ಯಾರ ಪಾಲಿನದು?

(ನೌಕರಿ ಮಾಡುತ್ತಲೇ ಕಥೆ, ಕವಿತೆ ಬರೆಯುವವರು ಮಂಡ್ಯದಲ್ಲಿ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಸಂಬಳದ ಕೆಲಸ, ಸಂಸಾರ, ಬರವಣಿಗೆ ಈ ಮೂರನ್ನೂ ಹೇಗೆ ತೂಗಿಸಿಕೊಂಡು ಹೋಗುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಮಂಡ್ಯದವರು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ದೊಡ್ಡ ಹೆಸರುಗಳನ್ನೇ ತೆಗೆದುಕೊಳ್ಳಿ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಗುಮಾಸ್ತರಾಗಿದ್ದು, 1970ರಲ್ಲಿ ಗೃಹಮಂಡಳಿಯಿಂದ ನಿವೃತ್ತರಾದವರು. ಮೇಲುಕೋಟೆಯ ಪು.ತಿ.ನ. ಅವರು ಮೈಸೂರು ಸಂಸ್ಥಾನದ ಸೇನಾ ಕಚೇರಿಯಲ್ಲಿಯೂ ಅನಂತರ ಶಾಸನಸಭೆಯ ಕಚೇರಿಯಲ್ಲಿಯೂ ದುಡಿದವರು. ಬೆಸಗರಹಳ್ಳಿ ರಾಮಣ್ಣನವರು ವೈದ್ಯರು. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಆಡಳಿತ ಸೇವೆಯಲ್ಲಿದ್ದುಕೊಂಡೇ ಜನಪದ ಸಾಹಿತ್ಯವನ್ನು ಕಲೆಹಾಕಿದವರು. ಬರೆಯುವುದಕ್ಕೆ ನೌಕರಿಯೇ ಅಡ್ಡಿ ಎಂದು ಇವರಲ್ಲಿ ಯಾರಾದರೂ ಕೈಚೆಲ್ಲಿ ಕುಳಿತಿದ್ದರೆ ಕನ್ನಡದ ಕಪಾಟು ಎಷ್ಟು ಖಾಲಿಯಾಗಿರುತ್ತಿತ್ತು ಎಂಬುದನ್ನು ನೀವೇ ಊಹಿಸಿ.

ಆದರೆ ಈ ಹೆಸರುಗಳನ್ನು ಹೇಳಿ, ಅವರಿಂದ ಆದದ್ದು ನಿಮ್ಮಿಂದ ಏಕಾಗದು ಎಂದು ಹುರಿದುಂಬಿಸಿ ಕಳುಹಿಸುವುದು ನನಗೆ ಇಷ್ಟವಿಲ್ಲ. ಅಂಥ ಮಾತನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ಕೇಳಬೇಕೆಂದಿರುವುದು ಬೇರೆ ಪ್ರಶ್ನೆ. ಹತ್ತರಿಂದ ಐದೂವರೆಯವರೆಗಿನ ಹೊತ್ತು ಕಚೇರಿಯದು. ಅದಕ್ಕೆ ಸಂಬಳ ಬರುತ್ತದೆ. ಉಳಿದ ಹೊತ್ತು ನಮ್ಮದು ಎಂದು ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ನಮ್ಮದೇ? ಅದರಲ್ಲಿ ಮಗುವಿನ ಹೋಂವರ್ಕ್ ಇದೆ, ಅತ್ತೆಯವರ ಬಿಪಿ ಮಾತ್ರೆ ಇದೆ, ನಾಳೆಯ ಹಿಟ್ಟು ರುಬ್ಬುವುದಿದೆ, ಊರಿನಲ್ಲಿ ಗದ್ದೆಯಿದ್ದರೆ ಭಾನುವಾರ ಅಲ್ಲಿಗೆ ಹೋಗಿಬರುವುದಿದೆ. ಆ ಹೊತ್ತಿನಿಂದ ಒಂದು ಗಂಟೆಯನ್ನು ಕಥೆಗೆಂದು ತೆಗೆದುಕೊಂಡರೆ, ಆ ಗಂಟೆಯಲ್ಲಿ ನಾವು ಮಾಡಬೇಕಿದ್ದ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರು ಮಾಡುತ್ತಿರುತ್ತಾರೆ. ಯಾರು ಮಾಡುತ್ತಿದ್ದಾರೆ ಎಂಬುದು ಬರೆಯುವವರಿಗೆ ಗೊತ್ತಿರಬೇಕು. ಇವತ್ತಿನ ನನ್ನ ಮಾತೆಲ್ಲ ಸುತ್ತಿ ಬಳಸಿ ಇದಕ್ಕೇ ಬರುತ್ತದೆ.

ಅದಕ್ಕೆ ಮೊದಲು ಹೊತ್ತಿನ ಅಳತೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ, ಏಕೆಂದರೆ ನಮಗೆ ಎಷ್ಟು ಸಮಯ ಬೇಕು ಎಂಬುದರ ಬಗ್ಗೆಯೇ ನಮ್ಮಲ್ಲಿ ತಪ್ಪು ಅಂದಾಜಿದೆ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು 1936ರಲ್ಲಿ ಆರಂಭಿಸಿ 1946ರಲ್ಲಿ ಮುಗಿಸಿದರು. ಆ ಕಾಲದಲ್ಲಿ ಅವರು ಪಾಠ ಹೇಳುವ ಅಧ್ಯಾಪಕರು. ಕಾವ್ಯದಲ್ಲಿ 22 ಸಾವಿರಕ್ಕೂ ಮೀರಿದ ಸಾಲುಗಳಿವೆ. ಹತ್ತು ವರ್ಷದ ದಿನಗಳಿಂದ ಭಾಗಿಸಿದರೆ ದಿನಕ್ಕೆ ಸರಾಸರಿ ಆರು ಸಾಲು ಬರುತ್ತದೆ. ಯಾರೂ ದಿನಕ್ಕೆ ಆರು ಸಾಲಿನಂತೆ ಅಳೆದು ಮಹಾಕಾವ್ಯ ಬರೆಯುವುದಿಲ್ಲ. ಕೆಲವು ದಿನ ನೂರು ಸಾಲು ಹರಿದಿರಬಹುದು, ಎಷ್ಟೋ ವಾರ ಒಂದೂ ಬಂದಿರಲಾರದು. ಮಹಾಕವಿಯ ಪ್ರತಿಭೆಯನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದೆನೆಂದು ಯಾರೂ ಬೇಸರಪಡಬಾರದು, ನಾನು ಖಜಾನೆ ಇಲಾಖೆಯವಳು, ಭಾಗಿಸಿ ನೋಡುವ ಚಟ ಬಿಡುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಆ ಹತ್ತು ವರ್ಷ. ಒಂದೇ ಕೃತಿಯನ್ನು ಹತ್ತು ವರ್ಷ ಮನಸ್ಸಿನಲ್ಲಿ ಹೊತ್ತು ತಿರುಗುವ ತಾಳ್ಮೆ ನಮ್ಮಲ್ಲಿದೆಯೇ ಎಂದು ಕೇಳಿಕೊಳ್ಳದೆ, ದಿನಕ್ಕೆ ನಾಲ್ಕು ಗಂಟೆ ಬಿಡುವು ಸಿಗುವುದಿಲ್ಲವಲ್ಲ ಎಂದು ನಾವು ಕೊರಗುತ್ತೇವೆ.

ಬರವಣಿಗೆಯ ಕೆಲಸವೆಲ್ಲ ಒಂದೇ ಬಗೆಯದೂ ಅಲ್ಲ. ಮೊದಲ ಕರಡನ್ನು ಬರೆಯುವಾಗ ಯಾರೂ ಕರೆಯದ, ಫೋನ್ ಬಾರದ ಹೊತ್ತು ಬೇಕಾಗುತ್ತದೆ. ನನ್ನ ಮಟ್ಟಿಗೆ ಅದು ಬೆಳಗಿನ ಜಾವವೇ. ಸಂಜೆ ಕಚೇರಿಯಿಂದ ಬಂದ ತಲೆಯಲ್ಲಿ ಆಗಲೇ ಬೇರೆಯವರ ವಾಕ್ಯಗಳು ತುಂಬಿಕೊಂಡಿರುತ್ತವೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ದಿನವಿಡೀ ಟಿಪ್ಪಣಿ ಬರೆದ ಕೈಗೆ ರಾತ್ರಿ ಒಂಬತ್ತಕ್ಕೆ ಕಥೆಯ ಭಾಷೆ ದಕ್ಕುವುದು ಕಷ್ಟ. ಬರೆದದ್ದನ್ನು ತಿದ್ದುವುದಕ್ಕೆ ಮಾತ್ರ ಅಷ್ಟು ಏಕಾಂತ ಬೇಡ. ನಮ್ಮ ಊರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಗೆಳೆಯರು ಇಲ್ಲಿ ಕೆಲವರಿದ್ದೀರಿ. ಸೀಟು ಸಿಕ್ಕ ದಿನ ಕರಡಿನ ಪ್ರಿಂಟ್ ಔಟ್ ತೊಡೆಯ ಮೇಲಿಟ್ಟುಕೊಂಡು ಪೆನ್ನಿನಲ್ಲಿ ಹೊಡೆದುಹಾಕುತ್ತ ಹೋಗಬಹುದು, ಸೀಟು ಸಿಗದ ದಿನ ನಿಂತುಕೊಂಡೇ ಓದಬಹುದು. ಸುತ್ತಲಿನ ಗದ್ದಲ ತಿದ್ದುವುದಕ್ಕೆ ಒಳ್ಳೆಯದೇ ಎಂದು ನನಗೆ ಅನ್ನಿಸಿದೆ. ಅಷ್ಟು ಮಾತು, ಅಷ್ಟು ನಗು, ಕಡಲೆಕಾಯಿ ಮಾರುವವರ ಕೂಗು ಇವುಗಳ ನಡುವೆಯೂ ಓದಿಸಿಕೊಂಡು ಹೋಗುವ ಪ್ಯಾರಾ ಉಳಿಯಲಿ, ಕಣ್ಣು ಜಾರಿಹೋದ ಪ್ಯಾರಾವನ್ನು ಗುರುತು ಹಾಕಿಟ್ಟು ಮನೆಯಲ್ಲಿ ನೋಡಿ. ಇನ್ನು ನಡೆಯುವಾಗ, ಬಸ್ಸಿಗೆ ಕಾಯುವಾಗ ಹೊಳೆದ ಮಾತನ್ನು ಮೊಬೈಲಿಗೆ ಹೇಳಿದರೆ ಈಗ ಅದು ಕನ್ನಡದಲ್ಲೇ ಟೈಪ್ ಆಗುತ್ತದೆ. ನಮ್ಮ ಮಂಡ್ಯದ ಮಾತು ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ, ‘ಕಣ್ಲಾ’ ಅಂದರೆ ಇನ್ನೇನನ್ನೋ ಬರೆದುಕೊಳ್ಳುತ್ತದೆ. ಆದರೂ ಟಿಪ್ಪಣಿಗೆ ಸಾಕು.

ದಿನವೂ ತಪ್ಪದೆ ಬರೆಯಿರಿ ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಮಾರ್ಚ್ ತಿಂಗಳಲ್ಲಿ ನಾನು ಕಥೆ ಬರೆಯುವುದಿಲ್ಲ. ಆರ್ಥಿಕ ವರ್ಷ 31ಕ್ಕೆ ಮುಗಿಯುತ್ತದೆ, ಅನುದಾನ ಲ್ಯಾಪ್ಸ್ ಆಗಬಾರದೆಂದು ಎಲ್ಲ ಇಲಾಖೆಗಳ ಬಿಲ್ಲುಗಳೂ ಕೊನೆಯ ವಾರದಲ್ಲಿಯೇ ಬಂದು ಬೀಳುತ್ತವೆ. ಆ ದಿನಗಳಲ್ಲಿ ಮನೆಗೆ ಬಂದು ಎರಡು ಸಾಲು ಬರೆಯಲೇಬೇಕೆಂದು ಹಟ ಹಿಡಿದರೆ ಬರುವುದು ಎರಡು ಕೆಟ್ಟ ಸಾಲು, ಜೊತೆಗೆ ಒಂದು ತಲೆನೋವು. ಕಬ್ಬು ಬೆಳೆಯುವ ಮನೆಯವರಿಗೆ ಕಟಾವಿನ ಕಾಲ ಹಾಗೆ, ಮೇಷ್ಟರುಗಳಿಗೆ ಮೌಲ್ಯಮಾಪನದ ದಿನಗಳು ಹಾಗೆ. ನಿಮ್ಮ ಕೆಲಸದಲ್ಲಿ ವರ್ಷದ ಯಾವ ತಿಂಗಳು ಬಿಗಿ, ಯಾವುದು ಸಡಿಲ ಎಂಬುದು ನಿಮಗೇ ಗೊತ್ತು. ದಿನಚರಿಯ ಬದಲು ವರ್ಷದ ಮೇಲೆ ಕಣ್ಣಿಡಿ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳುಹಿಸಬೇಕೆಂದಿದ್ದರೆ ಏಪ್ರಿಲ್, ಮೇ ತಿಂಗಳಲ್ಲೇ ಕರಡು ಮುಗಿದಿರಬೇಕು. ಪ್ರಕಟಣೆ ನೋಡಿದ ಮೇಲೆ ಕಥೆ ಹುಡುಕಲು ಕುಳಿತರೆ ಕಥೆಯೂ ಅರ್ಧ, ನಿದ್ರೆಯೂ ಅರ್ಧವಾಗುತ್ತದೆ. ಆದರೆ ಬಿಗಿಯಾದ ತಿಂಗಳು ಮುಗಿದ ಮೇಲೆ ವಾಪಸ್ಸು ಬಂದು ಕೂರಬೇಕು. ಎಷ್ಟೋ ಜನರ ಬರವಣಿಗೆ ನಿಂತಿರುವುದು ಹೀಗೇ: ಮಾರ್ಚ್ ಎಂದು ನಿಲ್ಲಿಸಿದವರು ಏಪ್ರಿಲ್ ಬಂದದ್ದನ್ನು ಗಮನಿಸಲೇ ಇಲ್ಲ.

ರಿಟೈರ್ ಆದ ಮೇಲೆ ಬರೆಯುತ್ತೇನೆ ಎನ್ನುವವರಿಗೂ ಒಂದು ಮಾತು. ನರಸಿಂಹಸ್ವಾಮಿಯವರಿಗೆ ‘ತೆರೆದ ಬಾಗಿಲು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1977ರಲ್ಲಿ, ನಿವೃತ್ತಿಯ ನಂತರ. ಪು.ತಿ.ನ. ಅವರ ಮಹಾಕಾವ್ಯ ‘ಶ್ರೀಹರಿಚರಿತೆ’ ಕೂಡ ನಿವೃತ್ತಿಯಾಗಿ ಬಹಳ ವರ್ಷಗಳ ಮೇಲೆ ಬಂದದ್ದು. ಇದನ್ನು ನೋಡಿ ಸಮಾಧಾನಪಡುವ ಮುನ್ನ, ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ, ಕವಿಗೆ ಇಪ್ಪತ್ತೇಳು ವರ್ಷವಾಗಿದ್ದಾಗ ಎಂಬುದನ್ನೂ ನೆನಪಿಡಬೇಕು. ಅವರಿಬ್ಬರೂ ನಿವೃತ್ತಿಯ ನಂತರ ಬರೆಯತೊಡಗಿದವರಲ್ಲ, ಬರೆಯುತ್ತಲೇ ಬಂದು ನಿವೃತ್ತಿಯ ನಂತರವೂ ಬರೆದವರು. ಮೂವತ್ತು ವರ್ಷ ಒಂದು ಪುಟವನ್ನೂ ಬರೆಯದವರಿಗೆ ಅರವತ್ತನೆಯ ವಯಸ್ಸಿನಲ್ಲಿ ಇಡೀ ದಿನ ಕೈಗೆ ಸಿಕ್ಕರೆ ಅದನ್ನು ಏನು ಮಾಡಬೇಕೆಂದೇ ತೋಚುವುದಿಲ್ಲ. ನಾನು ಕಂಡಂತೆ ಅವರಲ್ಲಿ ಬಹಳಷ್ಟು ಮಂದಿ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳಾಗುತ್ತಾರೆ.

ಇನ್ನೊಂದು ಕಡೆ, ನೌಕರಿ ಬಿಟ್ಟು ಬರೆಯಲೇ ಎಂದು ಕೇಳುವ ಕಿರಿಯರಿದ್ದಾರೆ. ಮಾಸ್ತಿಯವರು 1943ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟರಲ್ಲ ಎನ್ನುತ್ತಾರೆ. ಕೊಟ್ಟರು, ಆಗ ಅವರು ಐವತ್ತು ದಾಟಿದ್ದರು, ಸಂಸ್ಥಾನದ ಸೇವೆಯಲ್ಲಿ ದೊಡ್ಡ ಹುದ್ದೆಗೆ ಏರಿದ್ದರು, ಮತ್ತು ಅಷ್ಟು ಹೊತ್ತಿಗಾಗಲೇ ಸಣ್ಣಕಥೆಗಳ ಮಾಸ್ತಿ ಎಂದು ನಾಡಿಗೆಲ್ಲ ಗೊತ್ತಾಗಿತ್ತು. ಅವರು ರಾಜೀನಾಮೆ ಕೊಟ್ಟದ್ದು ಬಡ್ತಿಯಲ್ಲಿ ಆದ ಅನ್ಯಾಯಕ್ಕೆ, ಬರೆಯಲು ಬಿಡುವಿಲ್ಲ ಎಂಬುದಕ್ಕಲ್ಲ. ನೀವು ಬಿಡುವುದಾದರೆ ಮೊದಲು ಈ ಲೆಕ್ಕ ನೋಡಿ. ಪುಸ್ತಕದ ಬೆಲೆ 200 ರೂಪಾಯಿ, ಗೌರವಧನ ನೂರಕ್ಕೆ ಹತ್ತು ಎಂದಿಟ್ಟುಕೊಂಡರೆ ಒಂದು ಪ್ರತಿಗೆ 20 ರೂಪಾಯಿ. ಸಾವಿರ ಪ್ರತಿ ಮಾರಾಟವಾದರೆ 20 ಸಾವಿರ. ಸಾವಿರ ಪ್ರತಿ ಖರ್ಚಾಗುವುದಕ್ಕೆ ಹೊಸಬರಿಗೆ ಎಷ್ಟು ವರ್ಷ ಹಿಡಿಯುತ್ತದೆ ಎಂಬುದನ್ನು ಇಲ್ಲಿರುವ ಪ್ರಕಾಶಕ ಮಿತ್ರರನ್ನು ಕೇಳಿ, ಅವರು ನಗುತ್ತಾರೆ. ಹೊಸ ಲೇಖಕರಿಗೆ ಹಣದ ಬದಲು ಪುಸ್ತಕದ ಒಂದಷ್ಟು ಪ್ರತಿಗಳನ್ನೇ ಕೊಟ್ಟು ಕಳುಹಿಸುವುದೂ ಉಂಟು, ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿಕೊಂಡವರೂ ಈ ಸಭೆಯಲ್ಲಿದ್ದಾರೆ. ಮೊದಲ ಪುಸ್ತಕ ತರುವ ಕಿರಿಯರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯಿದೆ, ಅರ್ಜಿ ಕರೆದಾಗ ಹಾಕಿ. ಅದು ಅಚ್ಚಿನ ಖರ್ಚಿಗೆ ನೆರವಾದೀತೇ ಹೊರತು ಮನೆ ಬಾಡಿಗೆಗಲ್ಲ. ಸಂಬಳವಿದ್ದರೆ ನಾವು ಪ್ರಕಾಶಕರಿಗಾಗಲಿ ಸಂಪಾದಕರಿಗಾಗಲಿ ಬೇಕಾದಂತೆ ಬರೆಯಬೇಕಾಗಿಲ್ಲ, ಇಷ್ಟವಾಗುವವರೆಗೆ ಕಥೆಯನ್ನು ಮೇಜಿನೊಳಗೆ ಇಟ್ಟುಕೊಳ್ಳಬಹುದು. ದೇವನೂರ ಮಹಾದೇವ ಅವರ ಕಥಾಸಾಹಿತ್ಯ ಪುಟಗಳ ಲೆಕ್ಕದಲ್ಲಿ ಬಹಳ ಕಡಿಮೆ. ‘ಕುಸುಮಬಾಲೆ’ ಬಂದು ದಶಕಗಳೇ ಕಳೆದರೂ ಕನ್ನಡದ ಓದುಗರು ಅದನ್ನು ಪಕ್ಕಕ್ಕಿಟ್ಟಿಲ್ಲ. ಬೇಗ ಬೇಗ ಬರೆದು ಮಾರಬೇಕಾದ ಒತ್ತಡವಿಲ್ಲದಿರುವುದು ಎಷ್ಟು ದೊಡ್ಡ ಅನುಕೂಲ ಎಂಬುದು ತಿಂಗಳ ಒಂದನೆಯ ತಾರೀಖು ಖಾತೆಗೆ ಹಣ ಬೀಳುವವರಿಗೆ ಅಷ್ಟಾಗಿ ತಿಳಿಯುವುದಿಲ್ಲ.

ಕೆಲಸ ನಮಗೆ ಸಂಬಳವನ್ನಷ್ಟೇ ಕೊಡುವುದಿಲ್ಲ. ಬೆಸಗರಹಳ್ಳಿ ರಾಮಣ್ಣನವರ ಕಥೆಗಳ ಹಳ್ಳಿಯ ಜನರನ್ನು ನೋಡಿ, ಒಬ್ಬ ವೈದ್ಯನ ಎದುರಿನ ಬೆಂಚಿನ ಮೇಲೆ ದಿನವೂ ಬಂದು ಕೂರುವ ಜನರೇ ಅವರು. ನನ್ನ ಅನುಭವದ ಒಂದು ಸಣ್ಣ ಉದಾಹರಣೆ ಹೇಳುತ್ತೇನೆ. ಕುಟುಂಬ ಪಿಂಚಣಿಯ ಕಾಗದ ಹಿಡಿದು ಒಬ್ಬ ಅಜ್ಜಿ ಬಂದಿದ್ದರು. ಜೊತೆಗೆ ಬಂದಿದ್ದ ಮೊಮ್ಮಗ ಫೋನಿನಲ್ಲಿ ಮುಳುಗಿದ್ದ. ಅಜ್ಜಿಯ ಕೈಯಲ್ಲಿ ಬಟ್ಟೆ ಅಂಗಡಿಯ ಹಳೆಯ ಪ್ಲಾಸ್ಟಿಕ್ ಕವರು. ಅದರೊಳಗೆ ಇನ್ನೊಂದು ಕವರು, ಅದರೊಳಗೆ ಕಾಗದಗಳು, ಕಾಗದಗಳ ನಡುವೆ ತೀರಿಹೋದ ಯಜಮಾನರ ಬಸ್ ಪಾಸು. ಬಸ್ ಪಾಸನ್ನು ಯಾರೂ ಕೇಳಿರಲಿಲ್ಲ. ಬೇಡ ಅಜ್ಜಿ, ಇದು ಬೇಕಾಗಿಲ್ಲ ಎಂದು ವಾಪಸ್ಸು ಕೊಟ್ಟೆ. ‘ಇರ್ಲಿ ಬುಡವ್ವ, ಅವ್ರ ಫೋಟ ಅದ್ರಲ್ಲೇ ಚೆಂದಾಗಿರೋದು’ ಅಂದರು. ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಎಷ್ಟು ಕಲ್ಪಿಸಿದರೂ ಆ ಬಸ್ ಪಾಸು ನನಗೆ ಹೊಳೆಯುತ್ತಿರಲಿಲ್ಲ.

ಈ ಮಾತಿಗೆ ಹೊಂದಿಕೊಂಡೇ ಒಂದು ಎಚ್ಚರಿಕೆಯಿದೆ. ಅಜ್ಜಿ ನನ್ನೊಡನೆ ಆಡಿದ ಮಾತನ್ನು ನಾನು ಹೆಸರು, ಊರು ಬದಲಿಸಿ ಕಥೆಗೆ ತಂದುಕೊಳ್ಳಬಹುದು. ಅವರ ಕಡತದೊಳಗೆ ಇದ್ದ ವಿಷಯ ನನ್ನದಲ್ಲ. ಖಜಾನೆಯಲ್ಲಿ ಕುಳಿತವರಿಗೆ ಯಾರ ಸಂಬಳದಲ್ಲಿ ಎಷ್ಟು ಕಡಿತ, ಯಾವ ಪಿಂಚಣಿಗೆ ಯಾರು ಯಾರು ತಕರಾರು ಹಾಕಿದ್ದಾರೆ ಎಲ್ಲವೂ ಕಾಣುತ್ತದೆ. ಬ್ಯಾಂಕಿನವರಿಗೆ ಸಾಲ, ಆಸ್ಪತ್ರೆಯವರಿಗೆ ಕಾಯಿಲೆ, ಪೊಲೀಸಿನವರಿಗೆ ದೂರು ಕಾಣುತ್ತದೆ. ಕಥೆಗೆ ಎಂಥ ಸೊಗಸಾದ ಸಾಮಗ್ರಿ ಎಂದು ಕೈ ತುರಿಸುತ್ತದೆ. ಕೆಲಸದ ಕುರ್ಚಿಯನ್ನು ನಂಬಿ ಜನ ಬಿಚ್ಚಿಟ್ಟದ್ದನ್ನು ಬರವಣಿಗೆಯ ಮೇಜಿಗೆ ಸಾಗಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿರಿಯ ಲೇಖಕರು ಕೆಲವರು ಇದನ್ನು ಒಪ್ಪುವುದಿಲ್ಲವೆಂದೂ ಗೊತ್ತು. ಸರ್ಕಾರಿ ನೌಕರರು ಇನ್ನೂ ಒಂದು ಕೆಲಸ ಮಾಡಬೇಕು. 1966ರ ನಡತೆ ನಿಯಮಗಳ ಜಾಗದಲ್ಲಿ ಈಗ 2021ರ ನಿಯಮಗಳು ಬಂದಿವೆ. ಪುಸ್ತಕ ಪ್ರಕಟಣೆ, ಹೊರಗಿನ ಸಂಭಾವನೆ, ಸರ್ಕಾರದ ನೀತಿಯ ಟೀಕೆ ಇವುಗಳ ಬಗ್ಗೆ ಅದರಲ್ಲಿ ಏನಿದೆ ಎಂಬುದನ್ನು ಸ್ವತಃ ಓದಿ, ಸಂದೇಹವಿದ್ದಲ್ಲಿ ಮೇಲಧಿಕಾರಿಗಳಿಗೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆದು ಇಟ್ಟುಕೊಳ್ಳಿ. ಕಾರಿಡಾರಿನಲ್ಲಿ ‘ಏನೂ ಆಗಲ್ಲ ಬರೀರಿ ಮೇಡಂ’ ಅಂದವರು ನಾಳೆ ನೋಟಿಸು ಬಂದರೆ ಜೊತೆಗಿರುವುದಿಲ್ಲ.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ. ನಮ್ಮ ಪುಸ್ತಕಗಳ ಅರ್ಪಣೆಯ ಪುಟ, ಲೇಖಕರ ಮಾತಿನ ಕೊನೆಯ ಪ್ಯಾರಾ ಇವನ್ನು ಗಮನವಿಟ್ಟು ಓದಿ. ‘ನನ್ನ ಬರವಣಿಗೆಗೆ ಅನುವು ಮಾಡಿಕೊಟ್ಟ ಮಡದಿಗೆ’ ಎಂಬ ಒಂದು ಸಾಲು ಪುರುಷರ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಆ ಒಂದು ಸಾಲಿನ ಹಿಂದೆ ಎಷ್ಟು ಹೊತ್ತಿನ ಅಡುಗೆ, ಎಷ್ಟು ಸಲ ಮಕ್ಕಳನ್ನು ‘ಶ್, ಅಪ್ಪ ಬರೀತಿದಾರೆ’ ಎಂದು ಆಚೆಗೆ ಕರೆದುಕೊಂಡು ಹೋದದ್ದು, ಎಷ್ಟು ಮದುವೆ ಮುಂಜಿಗಳಿಗೆ ಒಬ್ಬರೇ ಹೋಗಿ ಸಬೂಬು ಹೇಳಿ ಬಂದದ್ದು ಇದೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಬರೆಯುವ ಹೆಂಗಸರ ಪುಸ್ತಕದಲ್ಲಿ ಇಂಥದೇ ಸಾಲು ಗಂಡನಿಗೆ ಇರುವುದುಂಟು. ಹೆಚ್ಚಿನ ಸಲ ಅಲ್ಲಿ ಅನುವು ಎಂದರೆ ಬೇಡ ಎನ್ನಲಿಲ್ಲ ಎಂದಷ್ಟೇ. ನಮ್ಮ ಮಂಡ್ಯದಲ್ಲಿ 1928ರಲ್ಲಿ ಹುಟ್ಟಿದ ತ್ರಿವೇಣಿಯವರು 1963ರಲ್ಲಿ, ಹೆರಿಗೆಯ ಬೆನ್ನಿಗೇ, ತೀರಿಕೊಂಡರು. ಹತ್ತು ವರ್ಷಗಳ ಆಸುಪಾಸಿನಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ಅವರು ನೆಲೆಸಿದ್ದ ಮೈಸೂರಿನಲ್ಲಿ ಅದೇ ಕಾಲದಲ್ಲಿ ಬರೆಯುತ್ತಿದ್ದ ಪುರುಷರ ಮನೆಯ ದಿನಚರಿಯೂ ಅವರ ದಿನಚರಿಯೂ ಒಂದೇ ಆಗಿದ್ದವು ಎಂದು ನನಗೆ ಅನ್ನಿಸುವುದಿಲ್ಲ.

ನಾನು ಇಲ್ಲಿ ಬಂದಿರುವ ಗಂಡಸರನ್ನು ಆರೋಪಿಗಳ ಸ್ಥಾನದಲ್ಲಿ ನಿಲ್ಲಿಸುತ್ತಿಲ್ಲ. ಹೆಂಗಸರಾದ ನಾವೂ ಹೊತ್ತನ್ನು ಇನ್ನೊಬ್ಬರಿಂದಲೇ ತೆಗೆದುಕೊಳ್ಳುತ್ತೇವೆ. ನನ್ನ ಬೆಳಗಿನ ಜಾವದ ಒಂದು ಭಾಗ ನಮ್ಮತ್ತೆಯವರದು. ಅವರು ಎದ್ದು ಹಾಲು ಕಾಯಿಸಿ, ಕುಕ್ಕರ್ ಇಟ್ಟು, ಸೊಪ್ಪು ಬಿಡಿಸಿ ಇಡುವುದರಿಂದಲೇ ನಾನು ಆರೂಮುಕ್ಕಾಲರವರೆಗೆ ಮೇಜಿನ ಮುಂದೆ ಕೂರುವುದು ಸಾಧ್ಯ. ಇನ್ನೊಂದು ಭಾಗ ಪಾತ್ರೆ ತೊಳೆಯಲು ಬರುವ ಹೆಂಗಸಿನದು, ಆಕೆಗೆ ಸಂಬಳ ಕೊಡುತ್ತೇನೆ. ಅತ್ತೆಯವರಿಗೆ ಕೊಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಮಾತನಾಡಿಕೊಂಡಿದ್ದೇವೆ. ವಾರದಲ್ಲಿ ಮೂರು ಬೆಳಗ್ಗೆ ನನ್ನವು. ಎರಡು ಬೆಳಗ್ಗೆ ಅತ್ತೆಯವರು ತಡವಾಗಿ ಏಳುತ್ತಾರೆ, ತಿಂಡಿ ನನ್ನ ಪಾಲಿಗೆ. ಎರಡು ದಿನ ನಮ್ಮ ಯಜಮಾನರದು. ಆ ದಿನಗಳಲ್ಲಿ ಉಪ್ಪಿಟ್ಟು ಬಿಟ್ಟು ಬೇರೇನೂ ಆಗುವುದಿಲ್ಲ, ಅದರ ಬಗ್ಗೆ ಯಾರೂ ಚಕಾರವೆತ್ತಬಾರದೆಂದು ಒಪ್ಪಂದವಾಗಿದೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆಗಳಲ್ಲಿ ಒಂದನ್ನು ಕಥೆಗೂ ಇನ್ನೊಂದನ್ನು ಊರಿಗೂ ಇಟ್ಟುಕೊಂಡಿದ್ದೇವೆ. ಇದೇನೂ ಆದರ್ಶ ಸಂಸಾರದ ಚಿತ್ರವಲ್ಲ. ಹಬ್ಬ ಬಂದರೆ, ಯಾರಿಗಾದರೂ ಜ್ವರ ಬಂದರೆ ಒಪ್ಪಂದ ಮುರಿದುಬೀಳುತ್ತದೆ, ಮುರಿದಾಗ ಮೊದಲು ಹೋಗುವುದು ನನ್ನ ಮೂರು ಬೆಳಗ್ಗೆಯೇ. ಆದರೆ ಒಪ್ಪಂದ ಇರುವುದರಿಂದ ಅದು ಮುರಿದದ್ದು ಎಲ್ಲರಿಗೂ ಕಾಣುತ್ತದೆ. ಒಪ್ಪಂದವೇ ಇಲ್ಲದ ಮನೆಯಲ್ಲಿ ಬರೆಯುವವರು ಒಳಗೊಳಗೇ ಕುದಿಯುತ್ತಾರೆ, ಕೆಲಸ ಹೊತ್ತವರು ಕೂಡ ಒಳಗೊಳಗೇ ಕುದಿಯುತ್ತಾರೆ, ಸಾಹಿತ್ಯದ ಮೇಲೆ ಇಬ್ಬರಿಗೂ ಮುನಿಸು ಬರುತ್ತದೆ.

ಮನೆಯವರು ಬರೆದದ್ದನ್ನು ಓದಲೇಬೇಕೆಂದು ನಿರೀಕ್ಷಿಸಬೇಡಿ. ಅವರು ಹೊತ್ತು ಕೊಟ್ಟಿದ್ದಾರೆ, ವಿಮರ್ಶೆಯನ್ನೂ ಕೊಡಬೇಕೆಂದೇನಿಲ್ಲ. ಅದಕ್ಕೆ ಇಂಥ ಸಭೆಗಳಿವೆ.

ಬಿಡುವಿನ ವೇಳೆಯಲ್ಲಿ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದರು: ಮೂರು ವರ್ಷದ ಮಗು, ಒಂದು ವರ್ಷದ ಮಗು, ಶಾಲೆಯ ಕೆಲಸ, ಮನೆಯಲ್ಲಿ ಹಿರಿಯರು ಯಾರೂ ಇಲ್ಲ, ಒಪ್ಪಂದ ಯಾರ ಜೊತೆ ಮಾಡಿಕೊಳ್ಳಲಿ? ಅಮ್ಮಾ, ಈ ನಾಲ್ಕೈದು ವರ್ಷ ನೀವು ಕಾದಂಬರಿ ಬರೆಯಲಾರಿರಿ, ಬರೆಯಲಿಲ್ಲವೆಂದು ನೊಂದುಕೊಳ್ಳಲೂ ಬೇಡಿ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ, ಆಗ ಅವರಿಗೆ ನಲವತ್ತೈದು ದಾಟಿತ್ತು. ‘ಫಣಿಯಮ್ಮ’ ಬಂದದ್ದು 1976ರಲ್ಲಿ. ನೀವು ಈಗ ಮಾಡಬಹುದಾದದ್ದು ಎರಡು ಕೆಲಸ. ಮಗು ನಿದ್ರೆ ಮಾಡುವಾಗ ಎರಡು ಪುಟವಾದರೂ ಸರಿ, ಒಳ್ಳೆಯ ಗದ್ಯವನ್ನು ಓದುತ್ತಿರಿ. ಒಂದು ನೋಟ್‌ಬುಕ್ಕನ್ನು ಅಡುಗೆಮನೆಯಲ್ಲೇ ಇಟ್ಟುಕೊಳ್ಳಿ, ಮಕ್ಕಳ ಕೈಗೆ ಸಿಗದ ಹಾಗೆ ಡಬ್ಬಿಗಳ ಮೇಲೆ. ಕೇಳಿದ ಮಾತು, ಕಂಡ ಮುಖ ಹೊಳೆದಂತೆ ಒಂದೆರಡು ಸಾಲು ಗೀಚಿ, ಪ್ರತಿ ಸಲವೂ ತಾರೀಖು ಹಾಕಿ. ಮಕ್ಕಳು ದೊಡ್ಡವರಾದ ಮೇಲೆ ಯಾವ ಮಾತು ಯಾವ ವಯಸ್ಸಿನಲ್ಲಿ ಕೇಳಿದ್ದು ಎಂಬುದು ಹುಡುಕಿದರೂ ನೆನಪಿಗೆ ಬರುವುದಿಲ್ಲ.